ಟಿ.ಸಿ.ಗೆ ಅರ್ಜಿ ಬರೆಯುವ ಮೊದಲು: ಪದವಿಯ ನಡುವೆ ಅಮೆರಿಕದ ದೊಡ್ಡ ವಿಶ್ವವಿದ್ಯಾಲಯಕ್ಕೆ ಹೋಗುವುದು ಹೇಗೆ?

ಸಂಕ್ರಾಂತಿ ಕಳೆಯುತ್ತಿದ್ದಂತೆ ಬೆಳಗಾವಿಯ ನಮ್ಮ ಕಾಲೇಜಿನ ಅಧ್ಯಾಪಕರ ಕೋಣೆಗೆ ಪ್ರತಿ ವರ್ಷ ಇಬ್ಬರೋ ಮೂವರೋ ವಿದ್ಯಾರ್ಥಿಗಳು ಬರುತ್ತಾರೆ. ಅಮೆರಿಕದ ವಿಶ್ವವಿದ್ಯಾಲಯವೊಂದಕ್ಕೆ ವರ್ಗಾವಣೆ ಬಯಸಿದವರು. ಕೈಯಲ್ಲಿ ಟಿ.ಸಿ. ಕೋರಿ ಬರೆದ ಅರ್ಜಿ ಇರುತ್ತದೆ. ಆ ಅರ್ಜಿಯನ್ನು ನಾನು ಮೊದಲು ಮಡಚಿ ಅವರ ಜೇಬಿಗೇ ಹಾಕಿಸುತ್ತೇನೆ. ಒಬ್ಬ ಹುಡುಗ ಯಾರಿಗೂ ಹೇಳದೆ ಟಿ.ಸಿ. ಪಡೆದುಬಿಟ್ಟಿದ್ದ. ಮೇ ತಿಂಗಳಲ್ಲಿ ಅಲ್ಲಿಂದ ನಿರಾಕರಣೆ ಬಂತು, ಇಲ್ಲಿಯ ಸೀಟೂ ಹೋಗಿತ್ತು. ಅಮೆರಿಕದ ಯಾವ ವಿಶ್ವವಿದ್ಯಾಲಯವೂ ಅರ್ಜಿಯ ಹಂತದಲ್ಲಿ ಟಿ.ಸಿ. ಕೇಳುವುದಿಲ್ಲ. ಅವರಿಗೆ ಬೇಕಾದದ್ದು ನೀವು ಇಲ್ಲಿ ಓದುತ್ತಿದ್ದೀರಿ, ಚೆನ್ನಾಗಿ ಓದುತ್ತಿದ್ದೀರಿ ಎನ್ನುವುದಕ್ಕೆ ಸಾಕ್ಷಿ.

ಯಾವಾಗ ಅರ್ಜಿ ಹಾಕಬೇಕು? ಎರಡನೇ ವರ್ಷದಲ್ಲಿ. ಇದರಲ್ಲಿ ನನಗೆ ಅನುಮಾನವಿಲ್ಲ. ಹಾರ್ವರ್ಡ್ ಮತ್ತು ಯೇಲ್‌ಗೆ ಅರ್ಜಿಯ ಕೊನೆಯ ದಿನ ಮಾರ್ಚ್ 1, ಸ್ಟ್ಯಾನ್‌ಫರ್ಡ್ ಮತ್ತು ಕಾರ್ನೆಲ್‌ಗೆ ಮಾರ್ಚ್ 15. ಮೊದಲ ವರ್ಷದವರಿಗೆ ಆ ಹೊತ್ತಿಗೆ ಒಂದೇ ಸೆಮಿಸ್ಟರಿನ ಫಲಿತಾಂಶ ಬಂದಿರುತ್ತದೆ, ಕೆಲವೊಮ್ಮೆ ಅದೂ ಇಲ್ಲ. ಮೂರನೇ ವರ್ಷದವರಿಗೆ ತಡವಾಗಿರುತ್ತದೆ, ಏಕೆಂದರೆ ಹಾರ್ವರ್ಡ್‌ನಂತಹ ಕಡೆ ಕನಿಷ್ಠ ಎರಡು ವರ್ಷ ಅಲ್ಲಿಯೇ ಓದಬೇಕೆಂಬ ನಿಯಮವಿದೆ.

ಎಲ್ಲಿಗೆ ಹಾಕಬೇಕು ಎನ್ನುವುದನ್ನು ಹೆಸರಿನ ಮೋಹ ಬಿಟ್ಟು ನಿರ್ಧರಿಸಿ. ಹಾರ್ವರ್ಡ್ ವರ್ಷಕ್ಕೆ ಹೀಗೆ ತೆಗೆದುಕೊಳ್ಳುವುದು ಸರಾಸರಿ ಹನ್ನೆರಡು ಮಂದಿಯನ್ನು. ಪ್ರಿನ್ಸ್‌ಟನ್ ಈ ಬಾಗಿಲನ್ನು 1990ರ ಬಳಿಕ ಮುಚ್ಚಿ, 2018ರಲ್ಲಷ್ಟೇ ಮತ್ತೆ ತೆರೆಯಿತು. ಕಾರ್ನೆಲ್ ನೂರಾರು ಮಂದಿಯನ್ನು ಸೇರಿಸಿಕೊಳ್ಳುತ್ತದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಬಹುಪಾಲು ಮೂರನೇ ವರ್ಷಕ್ಕೆ ಮಾತ್ರ ತೆಗೆದುಕೊಳ್ಳುತ್ತದೆ, ತನ್ನದೇ ರಾಜ್ಯದ ಸಮುದಾಯ ಕಾಲೇಜುಗಳಿಗೆ (ಎರಡು ವರ್ಷ ಓದಿಸುವ ಸರ್ಕಾರಿ ಕಾಲೇಜುಗಳು) ಮೊದಲ ಆದ್ಯತೆ ಕೊಡುತ್ತದೆ. ಇಲ್ಲಿಂದ ನೇರವಾಗಿ ಅಲ್ಲಿಗೆ ಹಾಕಲು ಹೊರಟವರಿಗೆ ನಾನು ಬೇಡವೆನ್ನುತ್ತೇನೆ. ಒಟ್ಟು ಐದು ಅರ್ಜಿ ಸಾಕು. ಹದಿನೈದು ಕಡೆ ಹಾಕಿದವರ ಹದಿನೈದೂ ಪ್ರಬಂಧಗಳು ಒಂದೇ ಹಿಟ್ಟಿನ ರೊಟ್ಟಿಗಳಾಗಿರುತ್ತವೆ.

ಪಾಸ್‌ಪೋರ್ಟ್ ಮಾಡಿಸುವಾಗಲೇ ಹೆಸರು ಸರಿಪಡಿಸಿಕೊಳ್ಳಿ. ನಮ್ಮ ಭಾಗದಲ್ಲಿ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಅಡ್ಡಹೆಸರು ಮೊದಲು ಬರುತ್ತದೆ, ಪಿಯುಸಿಯಲ್ಲಿ ಕೊನೆಗೆ ಹೋಗುತ್ತದೆ, ಆಧಾರ್‌ನಲ್ಲಿ ಇರುವುದೇ ಇಲ್ಲ. ಪಾಸ್‌ಪೋರ್ಟಿನಲ್ಲಿ ಎರಡು ಹೆಸರುಗಳ ಪೈಕಿ ಒಂದರ ಜಾಗ ಖಾಲಿಯಿದ್ದರೆ ಅಮೆರಿಕದ ವೀಸಾದಲ್ಲಿ ನಿಮ್ಮ ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' ಎಂದು ಅಚ್ಚಾಗುತ್ತದೆ, 'ಮೊದಲ ಹೆಸರು ಗೊತ್ತಿಲ್ಲ' ಎಂದು ಅರ್ಥ. ಆಮೇಲೆ ಬ್ಯಾಂಕು, ಹಾಸ್ಟೆಲು, ಪರವಾನಗಿ ಎಲ್ಲೆಡೆ ಅದೇ ಹೆಸರು ಬೆನ್ನು ಹತ್ತುತ್ತದೆ.

ಕಾಲೇಜಿನ ಕಚೇರಿಯಲ್ಲಿ

ಹೆಚ್ಚಿನವರು ಎಡವುವುದು ಇಲ್ಲಿ. 'ಕಾಮನ್ ಆ್ಯಪ್' ಎಂಬ, ಹಲವು ವಿಶ್ವವಿದ್ಯಾಲಯಗಳಿಗೆ ಒಂದೇ ಕಡೆಯಿಂದ ಅರ್ಜಿ ಹಾಕುವ ಜಾಲತಾಣದಲ್ಲಿ ವರ್ಗಾವಣೆಯ ಅರ್ಜಿಯೇ ಬೇರೆ, ಪಿಯುಸಿ ಮುಗಿಸಿದವರ ಅರ್ಜಿಯೇ ಬೇರೆ. ಖಾತೆ ತೆರೆಯುವಾಗ ಅದನ್ನು ನೋಡಿ ಆರಿಸಿ. ಅಲ್ಲಿಂದ ಎರಡು ನಮೂನೆಗಳನ್ನು ನಿಮ್ಮ ಕಾಲೇಜು ತುಂಬಿಕೊಡಬೇಕಾಗುತ್ತದೆ.

ಮೊದಲನೆಯದು ಕಾಲೇಜು ವರದಿ. ಈ ವಿದ್ಯಾರ್ಥಿಯ ಮೇಲೆ ಶಿಸ್ತು ಕ್ರಮ ಆಗಿದೆಯೇ, ಈತ ಇಲ್ಲಿಯೇ ಮುಂದುವರಿಯಲು ಅರ್ಹನೇ ಎಂದು ಅದರಲ್ಲಿ ಕೇಳುತ್ತಾರೆ. ನಮ್ಮ ಕಚೇರಿಗಳಲ್ಲಿ ಇಂಥ ನಮೂನೆಯನ್ನು ಯಾರೂ ಕಂಡಿರುವುದಿಲ್ಲ. ಕಿಟಕಿಯಲ್ಲಿ ಕೊಟ್ಟು ಬಂದರೆ ಅದು ವ್ಯಾಸಂಗ ಪ್ರಮಾಣಪತ್ರದ ಅರ್ಜಿಗಳ ಕಟ್ಟಿನೊಳಗೆ ಸೇರಿಹೋಗುತ್ತದೆ. ಹಾಗೆ ಮಾಡಬೇಡಿ. ಡಿಸೆಂಬರಿನಲ್ಲೇ ಪ್ರಾಚಾರ್ಯರನ್ನು ಅಥವಾ ಶೈಕ್ಷಣಿಕ ವಿಭಾಗದ ಡೀನ್ ಅವರನ್ನು ನೇರವಾಗಿ ಕಾಣಿ. ಪ್ರತಿ ಪ್ರಶ್ನೆಯ ಪಕ್ಕದಲ್ಲಿ ಕನ್ನಡದಲ್ಲಿ ಅರ್ಥ ಬರೆದ ಒಂದು ಹಾಳೆಯನ್ನು ಜೊತೆಗಿಡಿ. 'ನಾನು ಕಾಲೇಜು ಬಿಡುತ್ತಿಲ್ಲ, ಅರ್ಜಿ ಮಾತ್ರ ಹಾಕುತ್ತಿದ್ದೇನೆ' ಎಂದು ಬಾಯಿಬಿಟ್ಟು ಹೇಳಿ, ಬರೆದೂ ಕೊಡಿ. ಗುಮಾಸ್ತರು ಸಹಿ ಹಾಕಿಸಲು ಹಿಂಜರಿಯುವುದು ಈ ಒಂದು ಅನುಮಾನದಿಂದಲೇ.

ಎರಡನೆಯದು ಮಧ್ಯಾವಧಿ ವರದಿ. ಈಗ ನಡೆಯುತ್ತಿರುವ ಸೆಮಿಸ್ಟರಿನ ಪ್ರತಿ ವಿಷಯದಲ್ಲಿ ಇಂದಿನವರೆಗಿನ ಸಾಧನೆಯನ್ನು ಬರೆಸಿ, ಆಯಾ ಅಧ್ಯಾಪಕರ ಸಹಿ ಪಡೆಯಬೇಕು. ನಮ್ಮ ಸಮ ಸೆಮಿಸ್ಟರು ಮಾರ್ಚ್ ಹೊತ್ತಿಗೆ ಇನ್ನೂ ಆಗತಾನೇ ಶುರುವಾಗಿರುತ್ತದೆ. ಅಂಕಗಳೇ ಇಲ್ಲವೆಂದು ಖಾಲಿ ಕಳಿಸಿದವರಿದ್ದಾರೆ. ಊಹಿಸಿ ತುಂಬಿಸಿದವರೂ ಇದ್ದಾರೆ, ಅದು ಇನ್ನೂ ದೊಡ್ಡ ತಪ್ಪು. ಸೆಮಿಸ್ಟರು ಆರಂಭವಾದ ದಿನಾಂಕವನ್ನು ಕಾಲೇಜಿನ ಕಾಗದದ ಮೇಲೆ ಬರೆಸಿ ಲಗತ್ತಿಸಿ, ಮೊದಲ ಆಂತರಿಕ ಪರೀಕ್ಷೆ ಆದ ಕೂಡಲೇ ಆ ಅಂಕಗಳನ್ನು ಕಳಿಸಿ.

ಇನ್ನು ಅಂಕಪಟ್ಟಿ. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಅಧೀನದ ಕಾಲೇಜುಗಳಲ್ಲಿ ಓದುವ ಬೆಳಗಾವಿಯವರಿಗೆ ಒಂದು ಅನುಕೂಲವಿದೆ: 1998ರಲ್ಲಿ ಸ್ಥಾಪನೆಯಾದ ಆ ವಿಶ್ವವಿದ್ಯಾಲಯದ ಕೇಂದ್ರ ಕಚೇರಿ ಜ್ಞಾನಸಂಗಮ ಇಲ್ಲೇ ಮಚ್ಚೆಯ ಬಳಿ ಇದೆ. ಬಾಗಲಕೋಟೆ, ವಿಜಯಪುರದವರು ಒಂದು ದಿನ ಬಿಡುವು ಮಾಡಿಕೊಂಡು ಬರಬೇಕಾದೀತು. ಸ್ವಾಯತ್ತ ಕಾಲೇಜಾದರೆ ನಿಮ್ಮದೇ ಪರೀಕ್ಷಾ ವಿಭಾಗವನ್ನು ಮೊದಲು ಕೇಳಿ. ಒಂಬತ್ತನೇ ತರಗತಿ ಮತ್ತು ಪ್ರಥಮ ಪಿಯುಸಿಯ ಅಂಕಗಳನ್ನೂ ಕೇಳುವ ವಿಶ್ವವಿದ್ಯಾಲಯಗಳಿವೆ. ಹಳ್ಳಿಯ ಪ್ರೌಢಶಾಲೆಗೆ ಹೋಗಿ ಒಂಬತ್ತನೆಯದರ ದಾಖಲೆ ಹುಡುಕಿಸಲು ರಜೆಯಲ್ಲೇ ಹೊರಡಿ.

ಅಂಕಗಳನ್ನು ಅಮೆರಿಕದಲ್ಲಿ ಬಳಸುವ 4ರ ಮಾಪನಕ್ಕೆ ನೀವೇ ಇಳಿಸಬೇಡಿ. 8.6 ಅನ್ನು ಗುಣಿಸಿ ಭಾಗಿಸಿ 3.44 ಎಂದು ಬರೆದುಕೊಂಡು ಬರುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. 10ಕ್ಕೆ 8.6 ಎಂದೇ ಬರೆಯಿರಿ. ನಮ್ಮ ಅಂಕ ಪದ್ಧತಿಯನ್ನು ಬಲ್ಲವರು ಓದುವಾಗ ಅದರ ತೂಕ ಅವರಿಗೆ ಗೊತ್ತಾಗುತ್ತದೆ. ಹಣ ಕೊಟ್ಟು ಹೊರಗಿನ ಸಂಸ್ಥೆಯಿಂದ ಅಂಕ ಮೌಲ್ಯಮಾಪನ ಮಾಡಿಸುವುದೂ ಬೇಡ, ವಿಶ್ವವಿದ್ಯಾಲಯವೇ ಕೇಳಿದರೆ ಮಾತ್ರ ಮಾಡಿಸಿ.

ಪಠ್ಯಕ್ರಮದ ಪ್ರತಿ ಜೊತೆಗಿರಲಿ, ಅದೂ ನಿಮ್ಮ ತಂಡಕ್ಕೆ ಅನ್ವಯಿಸಿದ ಸ್ಕೀಮಿನದೇ (ಪಠ್ಯಕ್ರಮದ ಆವೃತ್ತಿಯದೇ) ಆಗಿರಲಿ. 2022ರ ಸ್ಕೀಮಿನಲ್ಲಿ ಓದಿದವರು 2018ರದನ್ನು ಕಳಿಸಿದರೆ ವಿಷಯಗಳ ಹೆಸರೂ ಹೊಂದುವುದಿಲ್ಲ. ಫಿಸಿಕ್ಸ್ ಸೈಕಲ್, ಕೆಮಿಸ್ಟ್ರಿ ಸೈಕಲ್ ಎಂದರೇನು, ಆಂತರಿಕ 50 ಮತ್ತು ಅಂತಿಮ ಪರೀಕ್ಷೆಯ 50 ಹೇಗೆ ಸೇರುತ್ತವೆ, ಎಷ್ಟು ಗಂಟೆಗೆ ಎಷ್ಟು ಕ್ರೆಡಿಟ್ ಎಂದು ಒಂದು ಪುಟದಲ್ಲಿ ವಿವರಿಸಿ. ಸ್ಟ್ಯಾನ್‌ಫರ್ಡ್‌ನಂತೆ ಮೂರು ಮೂರು ತಿಂಗಳ ಅವಧಿಯಲ್ಲಿ ಪಾಠ ನಡೆಸುವ ಕಡೆ ಸೆಮಿಸ್ಟರಿನ ಒಂದು ಕ್ರೆಡಿಟ್ ಅಲ್ಲಿಯ ಒಂದೂವರೆ ಕ್ರೆಡಿಟ್ಟಿಗೆ ಸಮ ಎನ್ನುವುದೂ ನೆನಪಿರಲಿ.

ಶಿಫಾರಸು ಪತ್ರಗಳು ಎರಡು ಸಾಕು, ನಿಮಗೆ ಪಾಠ ಮಾಡಿದವರಿಂದಲೇ ಬರಲಿ. 'ನೀನೇ ಬರೆದು ತಾ, ಸಹಿ ಹಾಕುತ್ತೇನೆ' ಎನ್ನುವ ಗುರುಗಳಿದ್ದರೆ ಕೈಮುಗಿದು ಬೇರೆಯವರನ್ನು ಕೇಳಿ. ಸಂಸದರ, ಶಾಸಕರ ಪತ್ರ ಬೇಡವೇ ಬೇಡ. ಪತ್ರ ನೋಡುವ ಹಕ್ಕನ್ನು ಬಿಟ್ಟುಕೊಡುತ್ತೀರಾ ಎಂದು ಅರ್ಜಿಯಲ್ಲಿ ಒಂದು ಪ್ರಶ್ನೆ ಬರುತ್ತದೆ. ಅದು 1974ರ ಅಮೆರಿಕದ ಕಾನೂನಿನ ಪ್ರಕಾರ ಕೇಳುವಂಥದ್ದು, ಹೆದರದೆ 'ಹೌದು' ಎನ್ನಿ.

ಪ್ರಬಂಧ

'ಏಕೆ ವರ್ಗಾವಣೆ?' ಎಂಬುದಕ್ಕೆ ಸಾಮಾನ್ಯವಾಗಿ 650 ಪದಗಳ ಮಿತಿ. ನಾನು ಓದಿದ ಮೊದಲ ಕರಡುಗಳಲ್ಲಿ ಎರಡೇ ಬಗೆ. ಒಂದರಲ್ಲಿ ಇಲ್ಲಿಯ ಕಾಲೇಜಿನ ದೂರುಗಳು: ಪ್ರಯೋಗಾಲಯ ಹಳೆಯದು, ಉಪನ್ಯಾಸಕರು ಟಿಪ್ಪಣಿ ಬರೆಸುತ್ತಾರೆ. ಇನ್ನೊಂದರಲ್ಲಿ ಅಲ್ಲಿಯ ಸ್ತುತಿ: ವಿಶ್ವವಿಖ್ಯಾತ, ಬಾಲ್ಯದ ಕನಸು. ಎರಡರಲ್ಲೂ ಬರೆದವರು ಕಾಣುವುದೇ ಇಲ್ಲ.

ಜಮಖಂಡಿ ಕಡೆಯ ಸಿವಿಲ್ ವಿದ್ಯಾರ್ಥಿಯೊಬ್ಬನ ಕರಡು ಹೀಗೆಯೇ ಇತ್ತು. ಮಾತಾಡುತ್ತಾ ಕುಳಿತಾಗ ಅವನ ತಂದೆಯ ಎರಡು ಎಕರೆ ಸವಳು-ಜವಳಾದ ವಿಷಯ ಬಂತು. ಕಾಲುವೆ ನೀರು ಬಂದ ಮೇಲೆ ಕಬ್ಬು ಹಾಕಿದರು, ನೀರು ಬಸಿಯಲು ದಾರಿ ಇರಲಿಲ್ಲ, ಕೆಲವೇ ವರ್ಷಗಳಲ್ಲಿ ಹೊಲದ ಮೇಲೆ ಬಿಳಿ ಉಪ್ಪು ಹೊಮ್ಮಿತು. ಅವನು ಎರಡನೇ ವರ್ಷದ ಸರ್ವೇ ಪಾಠದಲ್ಲಿ ಕಲಿತ ಮಟ್ಟ ಅಳೆಯುವ ವಿದ್ಯೆಯಿಂದ ತಂದೆಯ ಹೊಲದ ಇಳಿಜಾರನ್ನು ತಾನೇ ಅಳೆದು ಬಸಿಗಾಲುವೆಯ ನಕ್ಷೆ ಬರೆದಿದ್ದ. 'ಇದನ್ನೇಕೆ ಬರೆದಿಲ್ಲ?' ಎಂದರೆ, 'ಹೊಲದ ವಿಷಯ ಅವರಿಗೇಕೆ ಸರ್?' ಎಂದ.

ಪ್ರಬಂಧ ಅದೇ. ಇಲ್ಲಿಯ ಪಾಠದಿಂದ ಏನು ಮಾಡಿದೆ, ಎಲ್ಲಿ ದಾರಿ ನಿಂತಿತು, ಮುಂದಿನದು ಎಲ್ಲಿ ಸಿಗುತ್ತದೆ. ಅವನ ಸಿವಿಲ್ ಪಠ್ಯದಲ್ಲಿ ಮಣ್ಣಿನ ಬಲ ಇದೆ, ಮಣ್ಣಿನ ಉಪ್ಪು ಇಲ್ಲ. ಕಾರ್ನೆಲ್‌ನಲ್ಲಿ ಕೃಷಿ ಕಾಲೇಜೂ ಎಂಜಿನಿಯರಿಂಗ್ ಕಾಲೇಜೂ ಒಂದೇ ಆವರಣದಲ್ಲಿವೆ. ಅಲ್ಲಿಗೇ ಏಕೆ ಎನ್ನುವುದಕ್ಕೆ ಅವನಿಗೆ ಉತ್ತರ ಸಿಕ್ಕಿತು, ಕಾಲೇಜಿನ ಮೇಲೆ ಒಂದು ದೂರನ್ನೂ ಬರೆಯಬೇಕಾಗಲಿಲ್ಲ. ನಿಮ್ಮ ಬಳಿ ಹೊಲವಿಲ್ಲದಿರಬಹುದು. ಕೈಮಗ್ಗವೋ ಕಿರಾಣಿ ಅಂಗಡಿಯ ಲೆಕ್ಕವೋ ಇದ್ದೀತು. ಬರೆದ ಪ್ರಬಂಧದಲ್ಲಿ ವಿಶ್ವವಿದ್ಯಾಲಯದ ಹೆಸರನ್ನು ಬದಲಿಸಿ ನೋಡಿ. ಆಗಲೂ ಸರಿಹೋದರೆ ಮತ್ತೆ ಬರೆಯಿರಿ.

ಸಲಹಾ ಕೇಂದ್ರಗಳಲ್ಲಿ ಸಿದ್ಧ ಪ್ರಬಂಧ ಸಿಗುತ್ತದೆ. ಅದಕ್ಕೆ ಒಂದು ರೂಪಾಯಿಯನ್ನೂ ಕೊಡಬೇಡಿ. ಒಂದೇ ವಾಕ್ಯದಿಂದ ಆರಂಭವಾಗುವ ಮೂರು ಪ್ರಬಂಧಗಳು ಒಂದೇ ವಾರದಲ್ಲಿ ನನ್ನ ಮೇಜಿಗೆ ಬಂದಿದ್ದುಂಟು. ಪ್ರವೇಶದ ಖಾತರಿ ಕೊಡುವವರ ಮೆಟ್ಟಿಲನ್ನೂ ಹತ್ತಬೇಡಿ.

ಹಣದ ವಿಚಾರ ಬಚ್ಚಿಡಬೇಡಿ. ಆರ್ಥಿಕ ನೆರವು ಬೇಕೇ ಎಂಬ ಪ್ರಶ್ನೆಗೆ ಬೇಡವೆಂದು ಬರೆದು, ಸೇರಿದ ಮೇಲೆ ಕೇಳೋಣ ಎಂದುಕೊಂಡರೆ ಸ್ಟ್ಯಾನ್‌ಫರ್ಡ್‌ನಂತಹ ಕಡೆ ವಿದೇಶಿ ವಿದ್ಯಾರ್ಥಿಗೆ ಮುಂದೆ ಆ ಬಾಗಿಲು ತೆರೆಯುವುದಿಲ್ಲ. 'ಸಿಎಸ್‌ಎಸ್ ಪ್ರೊಫೈಲ್' ಎಂಬ ಆರ್ಥಿಕ ನೆರವಿನ ಅರ್ಜಿ ನಮೂನೆಯನ್ನು ರೂಪಾಯಿಯಲ್ಲೇ ತುಂಬಬಹುದು. ರೈತ ಕುಟುಂಬದವರು ಆದಾಯ ತೆರಿಗೆ ವಿವರ ಇಲ್ಲವೆಂದು ಕೈಬಿಡಬೇಡಿ: ಹೊಲದ ಉತಾರ, ಸಕ್ಕರೆ ಕಾರ್ಖಾನೆಯ ಕಬ್ಬಿನ ಬಿಲ್ಲು, ತಹಶೀಲ್ದಾರರ ಆದಾಯ ಪ್ರಮಾಣಪತ್ರ, ಇವುಗಳ ಇಂಗ್ಲಿಷ್ ಅನುವಾದ ಮಾಡಿಸಿ. ಎಕರೆಗೆ ಇಷ್ಟು ಬೆಲೆಯೆಂದು ಜಮೀನನ್ನು ತೋರಿಸುವಾಗ, ಅದು ಅಣ್ಣ-ತಮ್ಮಂದಿರ ಜಂಟಿ ಆಸ್ತಿಯಾಗಿದ್ದರೆ ನಿಮ್ಮ ತಂದೆಯ ಪಾಲನ್ನು ಮಾತ್ರ ತೋರಿಸಿ, ಹಾಗೆಂದು ವಿವರಣೆಯನ್ನೂ ಬರೆಯಿರಿ.

ಉತ್ತರ ಮೇ ಅಥವಾ ಜೂನ್‌ನಲ್ಲಿ ಬರುತ್ತದೆ. ಬಂದರೆ ಕೈಯಲ್ಲಿ ಉಳಿಯುವುದು ಕೆಲವೇ ವಾರ: ವಿಶ್ವವಿದ್ಯಾಲಯ ಕೊಡುವ ಐ-20 ಎಂಬ ಅರ್ಹತಾ ಪತ್ರ, 350 ಡಾಲರಿನ ಸೇವಿಸ್ (ವಿದೇಶಿ ವಿದ್ಯಾರ್ಥಿಗಳ ದಾಖಲಾತಿ) ಶುಲ್ಕ, ಎಫ್-1 ಎಂಬ ವಿದ್ಯಾರ್ಥಿ ವೀಸಾದ ಸಂದರ್ಶನ. ವೀಸಾ ಅಂಟಿಸಿದ ಪಾಸ್‌ಪೋರ್ಟ್ ಮನೆಗೆ ಬಂದ ಮೇಲೆ ಟಿ.ಸಿ.ಗೆ ಹೋಗಿ. ಹೋಗುವ ಮೊದಲು, ಸೇರುವಾಗ ಸಹಿ ಮಾಡಿದ ಬಾಂಡನ್ನು ತೆಗೆದು ಓದಿ, ಉಳಿದ ವರ್ಷಗಳ ಶುಲ್ಕ ಕಟ್ಟಬೇಕೆಂಬ ಷರತ್ತು ಅದರಲ್ಲಿರಬಹುದು. ಪಠ್ಯಕ್ರಮದ ಪುಸ್ತಕ ಮತ್ತು ಪ್ರಯೋಗಾಲಯದ ಜರ್ನಲ್‌ಗಳನ್ನು ವಿಮಾನದಲ್ಲಿ ಕೈಚೀಲದಲ್ಲೇ ಇಟ್ಟುಕೊಳ್ಳಿ. ಯಾವ ವಿಷಯಕ್ಕೆ ಎಷ್ಟು ಕ್ರೆಡಿಟ್ ಕೊಡಬೇಕೆಂದು ಅಲ್ಲಿಯ ವಿಭಾಗಗಳು ನೀವು ಹೋದ ಮೇಲೂ ಕೇಳುತ್ತಿರುತ್ತವೆ.