ಬಿಲ್ಲು ಮಾಡಲು ನಾನು ಇಟ್ಟುಕೊಂಡ ಮೆಷಿನ್‌ಗಳು

ಮನೆಯಲ್ಲಿ ಮರದ ಬಿಲ್ಲು ಮಾಡಲು ನಾನು ಇಟ್ಟುಕೊಂಡಿರುವ ದೊಡ್ಡ ಮೆಷಿನ್ ಒಂದೇ, ಬ್ಯಾಂಡ್ ಸಾ, ಅಂದರೆ ಪಟ್ಟಿಯಂಥ ಬ್ಲೇಡ್ ಎರಡು ಚಕ್ರಗಳ ಮೇಲೆ ಸುತ್ತುತ್ತ ಕೊಯ್ಯುವ ಗರಗಸ. ಕೈಗರಗಸದಲ್ಲೂ ಬಿಲ್ಲು ಆಗುತ್ತದೆ, ಮೊದಮೊದಲು ಹಾಗೇ ಮಾಡುತ್ತಿದ್ದೆ. ಆದರೆ ಆರಡಿ ಹಲಗೆಯ ಎರಡೂ ಪಕ್ಕ ಕೊಯ್ದು ಮುಗಿಸುವಷ್ಟರಲ್ಲಿ ಭುಜ ಸೋತು, ಮುಂದಿನ ನಾಜೂಕು ಕೆಲಸಕ್ಕೆ ತಾಳ್ಮೆ ಉಳಿಯುತ್ತಿರಲಿಲ್ಲ.

ಕೈಯಲ್ಲಿ ಹಿಡಿದು ಕೊಯ್ಯುವ ಸಣ್ಣ ಕರೆಂಟ್ ಗರಗಸ, ಜಿಗ್ ಸಾ ಸಾಕಲ್ಲ, ಜಾಗವೂ ಕಡಿಮೆ ಅನ್ನಿಸಬಹುದು. ಒಂದೂವರೆ ಇಂಚು ದಪ್ಪದ ಗಟ್ಟಿ ಮರದಲ್ಲಿ ಅದರ ಬ್ಲೇಡ್ ಕೆಳಗಡೆ ವಾಲುತ್ತದೆ. ಮೇಲಿನಿಂದ ನೋಡಿದರೆ ಗೆರೆಯ ಮೇಲೇ ಕೊಯ್ದಿರುತ್ತದೆ, ಮಗುಚಿ ನೋಡಿದರೆ ಅಂಚು ಓರೆ. ಮೇಜಿನಿಂದ ದುಂಡು ಬ್ಲೇಡ್ ಮೇಲೆದ್ದಿರುವ ಟೇಬಲ್ ಸಾ ನೇರವಾಗಿ ಸೀಳಲು ಸರಿ, ಆದರೆ ಬಿಲ್ಲಿನ ಆಕಾರಕ್ಕೆ ಅದು ಹೊಂದುವುದಿಲ್ಲ. ಜೊತೆಗೆ ಮರ ಸಿಕ್ಕಿಕೊಂಡರೆ ನಮ್ಮ ಕಡೆಗೇ ಎಸೆಯುತ್ತದೆ. ಬ್ಯಾಂಡ್ ಸಾದ ಬ್ಲೇಡ್ ಮರವನ್ನು ಮೇಜಿನ ಕಡೆಗೆ ಒತ್ತುತ್ತದೆ, ಆ ಭಯ ಕಡಿಮೆ. ಬೆರಳಿನ ಭಯ ಮಾತ್ರ ಇದ್ದೇ ಇದೆ.

ಬಿಲ್ಲು ಅಗಲವಿಲ್ಲದ ವಸ್ತು, ಹಾಗಾಗಿ ದೊಡ್ಡ ಬಾಯಿಯ ಬ್ಯಾಂಡ್ ಸಾ ಹುಡುಕಬೇಕಿಲ್ಲ. ನಾನು ನೋಡಿದ್ದು ಮೋಟರ್ ಏದುಸಿರು ಬಿಡದೆ ಗಟ್ಟಿ ಮರ ಕೊಯ್ಯುತ್ತದೆಯೇ, ಬ್ಲೇಡ್ ಚೆನ್ನಾಗಿ ಬಿಗಿಯುತ್ತದೆಯೇ ಎಂಬುದನ್ನು. ಉದ್ದ ಕೊಯ್ತಕ್ಕೆ ಅರ್ಧ ಇಂಚು ಅಗಲದ, ಇಂಚಿಗೆ 3–4 ಹಲ್ಲಿನ ಬ್ಲೇಡ್. ಹಿಡಿಯ ಹತ್ತಿರದ ತಿರುವಿಗೆ ಕಾಲು ಇಂಚಿನದು. ಸಣ್ಣ ಹಲ್ಲಿನ ಬ್ಲೇಡಿನಲ್ಲಿ ದಪ್ಪ ಮರ ಕೊಯ್ದರೆ ಹೊಟ್ಟು ಒಳಗೇ ತುಂಬಿ ಮರ ಸುಡುತ್ತದೆ. ಮೆಷಿನ್ ಜೊತೆ ಬಂದ ಬ್ಲೇಡ್ ಅನ್ನು ಮೊದಲ ದಿನವೇ ಬದಲಿಸಿದೆ. ಗೆರೆಯಿಂದ ಎರಡು-ಮೂರು ಮಿಲಿಮೀಟರ್ ಆಚೆಯೇ ಕೊಯ್ಯುತ್ತೇನೆ.

ದಿಮ್ಮಿಯಿಂದ ಮಾಡುವುದಾದರೆ ಮೊದಲು ಬೆಣೆ ಹೊಡೆದು ಸೀಳುವುದೇ ಮೇಲು. ಸೀಳು ಮರದ ಎಳೆಯ ಹಿಂದೆಯೇ ಹೋಗುತ್ತದೆ, ಗರಗಸ ತನಗೆ ತೋಚಿದತ್ತ ಹೋಗುತ್ತದೆ. ಬಿಲ್ಲಿನ ಬೆನ್ನಿಗೆ, ಅಂದರೆ ಗುರಿಯ ಕಡೆ ಇರುವ ಮೈಗೆ, ನಾನು ಯಾವ ಮೆಷಿನ್ನನ್ನೂ ಮುಟ್ಟಿಸುವುದಿಲ್ಲ. ಅಲ್ಲಿ ಒಂದೇ ವಾರ್ಷಿಕ ಉಂಗುರ ತುದಿಯಿಂದ ತುದಿಗೆ ಅಖಂಡವಾಗಿರಬೇಕು. ಎಳೆ ಎಲ್ಲಿ ಕಡಿದಿದೆಯೋ ಅಲ್ಲೇ ಸಿಬಿರು ಎದ್ದು ಬಿಲ್ಲು ಮುರಿಯುತ್ತದೆ. ಎರಡು ಹಿಡಿಯ ಕತ್ತಿ, ಆಮೇಲೆ ಮರ ಕೆರೆಯುವ ಉಕ್ಕಿನ ತಗಡು, ಅಂದರೆ ಸ್ಕ್ರೇಪರ್, ಅಷ್ಟೇ.

ಮರಳು ಕಾಗದದ ಪಟ್ಟಿ ಸುತ್ತುತ್ತ ಮರ ಉಜ್ಜುವ ಬೆಲ್ಟ್ ಸ್ಯಾಂಡರ್ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಹೊಸಬರು ಮೊದಲು ಕೊಳ್ಳುವುದು ಅದನ್ನೇ. ಬಿಲ್ಲಿನ ತೋಳಿನ, ಅಂದರೆ ಹಿಡಿಯ ಎರಡೂ ಕಡೆ ಬಾಗುವ ಭಾಗದ, ಬಿಗಿ ಅಗಲಕ್ಕೆ ತಕ್ಕಂತೆ ನೇರವಾಗಿ ಬದಲಾಗುತ್ತದೆ, ದಪ್ಪಕ್ಕಾದರೆ ಅದರ ಘನಕ್ಕೆ ತಕ್ಕಂತೆ. ಹನ್ನೆರಡು ಮಿಲಿಮೀಟರ್ ದಪ್ಪದ ಜಾಗದಲ್ಲಿ 1.2 ಮಿಲಿಮೀಟರ್ ಹೋದರೆ ಅಲ್ಲಿನ ಬಿಗಿಯಲ್ಲಿ ಶೇ. 27ರಷ್ಟು ಹೋಯಿತು. ನಲವತ್ತನೇ ನಂಬರಿನ ಒರಟು ಬೆಲ್ಟ್ ಅಷ್ಟನ್ನು ತಿನ್ನಲು ಹೆಚ್ಚು ಹೊತ್ತು ತೆಗೆದುಕೊಳ್ಳುವುದಿಲ್ಲ. ಆಮೇಲೆ ಇಡೀ ಬಿಲ್ಲು ಆ ಒಂದೇ ಜಾಗದಲ್ಲಿ ಮಡಚಿಕೊಳ್ಳುತ್ತದೆ. ಅದಕ್ಕೇ ಸ್ಯಾಂಡರನ್ನು ಪಕ್ಕಗಳ ಗರಗಸದ ಗುರುತು ಅಳಿಸಲು, ಹಿಡಿ ದುಂಡಗೆ ಮಾಡಲು ಮಾತ್ರ ಬಳಸುತ್ತೇನೆ. ತುದಿಯನ್ನು ನೆಲಕ್ಕೆ ಊರಿ ಒತ್ತಿದಾಗ ತೋಳು ಬಾಗಲು ಶುರುವಾಯಿತೋ, ಪ್ಲಗ್ ಕಿತ್ತೆ. ಅಲ್ಲಿಂದ ಮುಂದೆ ರಾಸ್ಪ್ (ಮರದ ಒರಟು ಅರ) ಮತ್ತು ಸ್ಕ್ರೇಪರ್: ಸ್ವಲ್ಪ ಕೆರೆಯುವುದು, ಇಪ್ಪತ್ತು-ಮೂವತ್ತು ಸಲ ಬಾಗಿಸಿ ಮರಕ್ಕೆ ಅಭ್ಯಾಸ ಮಾಡಿಸುವುದು, ಎರಡೂ ತೋಳು ನೋಡುವುದು, ಮತ್ತೆ ಕೆರೆಯುವುದು.

ಆಂಗಲ್ ಗ್ರೈಂಡರ್‌ಗೆ ಮರಳು ಕಾಗದದ ಪದರಗಳ ಚಕ್ರ, ಫ್ಲಾಪ್ ಡಿಸ್ಕ್, ಹಾಕಿ ಬೇಗ ಮುಗಿಸುವವರಿದ್ದಾರೆ. ಅದು ಬಿಡುವ ಅಲೆಅಲೆ ಗುಂಡಿಗಳನ್ನು ಸಮ ಮಾಡುತ್ತ ಕೂರುವುದು ನನಗೆ ಬೇಡ. ವೇಗವಾಗಿ ತಿರುಗುವ ಬಿಟ್‌ನಿಂದ ಅಂಚು ಕೊರೆಯುವ ರೌಟರ್ ಎಳೆ ತಿರುಗಿದ ಕಡೆ ಚಕ್ಕೆ ಎಬ್ಬಿಸುತ್ತದೆ, ಅದೂ ಬೇಡ.

ಬದಲಿಗೆ ಬಿಸಿ ಗಾಳಿ ಊದುವ ಹೀಟ್ ಗನ್ ಕೊಳ್ಳಿ. ಸೊಟ್ಟಗಿರುವ ತೋಳನ್ನು ಕಾಯಿಸಿ ಕ್ಲ್ಯಾಂಪ್ ಹಾಕಿ ನೆಟ್ಟಗೆ ಮಾಡಬಹುದು, ಹೊಟ್ಟೆಯ ಕಡೆ, ಅಂದರೆ ಬಿಲ್ಲು ಹಿಡಿದವರ ಕಡೆಗಿರುವ ಮೈಯಲ್ಲಿ, ಕಂದು ಬಣ್ಣ ಬರುವವರೆಗೆ ಹದವಾಗಿ ಕಾಯಿಸಿದರೆ ಆ ಮೈ ಒತ್ತಡವನ್ನು ಚೆನ್ನಾಗಿ ತಡೆಯುತ್ತದೆ. ಕಾಯಿಸಿದ ಮರ ಒಣಗಿ ಪೆಡಸಾಗಿರುತ್ತದೆ. ಗಾಳಿಯ ತೇವ ಮತ್ತೆ ಹೀರಿಕೊಳ್ಳಲು ಕೆಲವು ದಿನ ಬಿಟ್ಟು ಆಮೇಲೆ ಬಾಗಿಸಿ.

ಬ್ಯಾಂಡ್ ಸಾ ಆದ ಮೇಲೆ ಕೈಯಲ್ಲಿ ದುಡ್ಡು ಉಳಿದಿದ್ದರೆ ವ್ಯಾಕ್ಯೂಮ್ ಮತ್ತು ಒಳ್ಳೆಯ ಮಾಸ್ಕ್ ಸ್ಯಾಂಡರ್‌ಗಿಂತ ಮೊದಲು ಬರಬೇಕು. ಬಿಲ್ಲಿಗೆ ಹೆಸರಾದ ಯೂ ಮರ ವಿಷಕಾರಿ, ಇಪೆ ಎಂಬ ಗಟ್ಟಿ ಮರದ ಹಳದಿ ಪುಡಿ ಚರ್ಮಕ್ಕೂ ಗಂಟಲಿಗೂ ಉರಿ ತರುತ್ತದೆ. ಬಟ್ಟೆ ಕಟ್ಟಿಕೊಂಡರೆ ಆ ಸಣ್ಣ ಪುಡಿ ನಿಲ್ಲುವುದಿಲ್ಲ.