ನಮ್ಮ ಹಟ್ಟಿಯ ಕಡಸುಗಳಿಗೆ ಬೆದೆ ಹೊಂದಿಸಿದ ಬಗೆ: ನನ್ನ ಅನುಭವ

ಬ್ರಹ್ಮಾವರದ ಸಮೀಪದ ನಮ್ಮ ಹಟ್ಟಿಯಲ್ಲಿ ಐದು ಜೆರ್ಸಿ ಮಿಶ್ರತಳಿ ಕಡಸುಗಳು ಒಟ್ಟಿಗೆ ಬೆಳೆದು ನಿಂತಾಗ, ಬೆದೆಯನ್ನು ಗುರುತಿಸುವುದೇ ನನಗೆ ದೊಡ್ಡ ಕಷ್ಟವಾಯಿತು. ಮಳೆಗಾಲವಿಡೀ ಹಗ್ಗದಲ್ಲಿರುವ ಕಡಸುಗಳು ಒಂದರ ಮೇಲೊಂದು ಹಾರುವುದು ನಮಗೆ ಕಾಣಸಿಗುವುದಿಲ್ಲ; ರಾತ್ರಿ ಬಂದ ಬೆದೆ ಬೆಳಗಾಗುವಷ್ಟರಲ್ಲಿ ಇಳಿದುಹೋದರೆ ಮತ್ತೆ 21 ದಿನ ಕಾಯಬೇಕು. ಆದ್ದರಿಂದ ಎಲ್ಲವನ್ನೂ ಒಂದೇ ದಿನ ಬೆದೆಗೆ ತರುವ ಕ್ರಮವನ್ನು ಪಶುವೈದ್ಯರ ಮೂಲಕ ಕೈಗೊಂಡೆ. ಡಿಸೆಂಬರ್ ಮೊದಲ ವಾರವನ್ನು ಆರಿಸಿಕೊಂಡದ್ದು, 280 ದಿನಗಳ ಲೆಕ್ಕದಲ್ಲಿ ಸೆಪ್ಟೆಂಬರ್‌ನಲ್ಲಿ, ಮಳೆಯ ಬಿರುಸು ತಗ್ಗಿ ತೋಟದಲ್ಲಿ ಹಸಿಹುಲ್ಲು ಧಾರಾಳವಾಗಿರುವಾಗ ಕರು ಹಾಕಲೆಂದು.

ಮೊದಲು ಎಲ್ಲವನ್ನೂ ಅಳೆದೆವು. ಎದೆಯ ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಮೈಯುದ್ದದಿಂದ ಮತ್ತೆ ಗುಣಿಸಿ, 660ರಿಂದ ಭಾಗಿಸಿದರೆ ತೂಕ ಸಿಗುತ್ತದೆ. ಸುತ್ತಳತೆ 58 ಇಂಚು, ಉದ್ದ 48 ಇಂಚು ಇದ್ದ ಕಡಸು ಸುಮಾರು 245 ಕೆ.ಜಿ. ತೂಗಿತು. 200 ಕೆ.ಜಿ.ಯನ್ನೂ ಮುಟ್ಟದ ಒಂದನ್ನು ಕೈಬಿಟ್ಟೆವು. ಅಂಡಾಶಯವೇ ಕೆಲಸ ಆರಂಭಿಸದ ಕಡಸಿಗೆ ಚುಚ್ಚುಮದ್ದು ಕೊಡುವುದು ನನ್ನ ದೃಷ್ಟಿಯಲ್ಲಿ ಹಣವನ್ನು ನೀರಿಗೆ ಹಾಕಿದಂತೆ.

ಸೋಮವಾರ ಬೆಳಿಗ್ಗೆ ಆರು ಗಂಟೆಗೆ ವೈದ್ಯರು ಜಿಎನ್‌ಆರ್‌ಎಚ್ (ಅಂಡ ಬಿಡುಗಡೆಯಾಗುವಂತೆ ಮಾಡುವ ಹಾರ್ಮೋನು) ಚುಚ್ಚುಮದ್ದು ಕೊಟ್ಟು, ಯೋನಿಯೊಳಗೆ ಪ್ರೊಜೆಸ್ಟರಾನ್ ಎಂಬ ಹಾರ್ಮೋನು ಸೂಸುವ ಸಾಧನವನ್ನು ಇರಿಸಿದರು. ಅದು ಒಳಗಿರುವಷ್ಟು ದಿನ ಬೆದೆಯನ್ನು ತಡೆದಿಡುತ್ತದೆ. ಅದರ ದಾರದ ತುದಿ ಹೊರಗೆ ನೇತಾಡುತ್ತಿದ್ದುದನ್ನು ನಾನು ಹಗುರವಾಗಿ ಪರಿಗಣಿಸಿದ್ದೇ ತಪ್ಪಾಯಿತು. ಗುರುವಾರ ಸಂಜೆ ನೋಡುವಾಗ ಒಂದರ ಸಾಧನ ಸೆಗಣಿಯ ಚರಂಡಿಯಲ್ಲಿ ಬಿದ್ದಿತ್ತು, ದಾರದಲ್ಲಿ ಪಕ್ಕದ ಕಡಸು ಜಗಿದ ಗುರುತಿತ್ತು. ಉಳಿದವುಗಳ ದಾರವನ್ನು ಕೂಡಲೇ ಗಿಡ್ಡವಾಗಿ ಕತ್ತರಿಸಿದೆ. ಸಾಧನ ಕಳೆದುಕೊಂಡ ಕಡಸು ಶನಿವಾರ ಸಂಜೆಯೇ ಕೂಗಿ, ತಿಳಿಯಾದ ಲೋಳೆ ಸುರಿಸಿದ್ದರಿಂದ, ಅದಕ್ಕೆ ಭಾನುವಾರ ಬೆಳಿಗ್ಗೆ ವೀರ್ಯ ಕೊಡಿಸಿದೆವು.

ಮುಂದಿನ ಸೋಮವಾರ ಬೆಳಿಗ್ಗೆ ಆರಕ್ಕೆ ಮೂರು ಸಾಧನಗಳನ್ನು ಎಳೆದು ತೆಗೆದು, ಬೆದೆ ಬರಿಸುವ ಪ್ರೊಸ್ಟಗ್ಲ್ಯಾಂಡಿನ್ ಚುಚ್ಚುಮದ್ದು ಕೊಡಲಾಯಿತು. ಈ ಔಷಧ ಗಬ್ಬದ ಹಸುವಿಗೆ ಗರ್ಭಪಾತ ಮಾಡಿಸುತ್ತದೆ, ಚರ್ಮದ ಮೂಲಕವೂ ದೇಹ ಸೇರುತ್ತದೆ. ಗರ್ಭಿಣಿಯಾಗಿದ್ದ ಸೊಸೆಯನ್ನು ಅಂದು ಹಟ್ಟಿಯ ಕಡೆಗೆ ಬರಗೊಡಲಿಲ್ಲ.

ವೀರ್ಯ ಕೊಡುವ ಹೊತ್ತು ಅಲ್ಲಿಂದ 54 ಗಂಟೆಗೆ, ಅಂದರೆ ಬುಧವಾರ ಮಧ್ಯಾಹ್ನ 12ಕ್ಕೆ. ಅಮೆರಿಕದಲ್ಲಿ ಮಾಂಸದ ತಳಿಯ ಕಡಸುಗಳಿಗೆ ಅನುಸರಿಸುವ ಈ ಅವಧಿಯನ್ನು ವೈದ್ಯರು ನಮ್ಮವಕ್ಕೂ ಇಟ್ಟುಕೊಂಡಿದ್ದರು. ಕೃತಕ ಗರ್ಭಧಾರಣೆಯ ಕಾರ್ಯಕರ್ತರು ದ್ರವ ಸಾರಜನಕದ ಜಾಡಿಯಿಂದ ಹೆಪ್ಪುಗಟ್ಟಿದ ವೀರ್ಯದ ಕಡ್ಡಿಯನ್ನು ತೆಗೆದು, 37 ಡಿಗ್ರಿಯ ನೀರಿನಲ್ಲಿ ಗಡಿಯಾರ ನೋಡಿ ಅರ್ಧ ನಿಮಿಷ ಅದ್ದಿ, ತೇವ ಚೂರೂ ಉಳಿಯದಂತೆ ಒರೆಸಿ, ವೀರ್ಯ ಕೊಡುವ ಗನ್ನಿಗೆ ಹಾಕಿ, ತಣ್ಣಗಾಗದಿರಲೆಂದು ಅದನ್ನು ಅಂಗಿಯೊಳಗೆ ಇಟ್ಟುಕೊಂಡೇ ಹಟ್ಟಿಗೆ ನಡೆದರು. ಜೊತೆಗೇ ಎರಡನೆಯ ಜಿಎನ್‌ಆರ್‌ಎಚ್ ಚುಚ್ಚುಮದ್ದೂ ಆಯಿತು.

ಮೂರರಲ್ಲಿ ಒಂದು 21ನೆಯ ದಿನ ಮತ್ತೆ ಬೆದೆಗೆ ಬಂತು. ಎರಡು ತಿಂಗಳು ಕಳೆದು ವೈದ್ಯರು ಕೈಹಾಕಿ ನೋಡಿದಾಗ ಉಳಿದೆರಡೂ, ಸಾಧನ ಕಳೆದುಕೊಂಡಿದ್ದ ಕಡಸೂ ಗಬ್ಬವಾಗಿದ್ದವು.