ನಮ್ಮ ಯೂನಿಟ್‌ನಲ್ಲಿ ಸೋಡಿಯಂ 138ಕ್ಕೆ ಬಂದ ಕತೆ

ಉಡುಪಿಯ ಸಣ್ಣ ಡಯಾಲಿಸಿಸ್ ಯೂನಿಟ್ ನಮ್ಮದು, 8 ಮಿಷನ್. ನಾನು ಟೆಕ್ನಿಷಿಯನ್ ಆಗಿ ಬಂದ ದಿನದಿಂದ ಎಲ್ಲದರಲ್ಲೂ ರಕ್ತ ತೊಳೆಯುವ ದ್ರವದ ಸೋಡಿಯಂ, ಅಂದರೆ ಉಪ್ಪಿನ ಅಂಶ, 142 (ಲೀಟರಿಗೆ ಮಿಲಿಮೋಲ್ ಲೆಕ್ಕ). ಯಾಕೆ ಅಂದರೆ, ಮೊದಲಿಂದಲೂ ಹಾಗೇ. ಬಿಪಿ ಬೀಳುವುದು ಕಮ್ಮಿ, ಶಿಫ್ಟ್ ಸುಮ್ನೆ ಮುಗಿಯುತ್ತದೆ. ಆದರೆ ಪೇಷೆಂಟ್ ಮನೆಗೆ ಹೋಗಿ ಚೊಂಬುಗಟ್ಟಲೆ ನೀರು ಕುಡಿದು, ಮುಂದಿನ ಸಲ ಮೈಯಲ್ಲಿ 4 ಕಿಲೋ ನೀರು ಹೊತ್ತುಕೊಂಡು ಬರುತ್ತಿದ್ದರು. 'ನೀರು ಕಮ್ಮಿ ಮಾಡಿ ಮಾರಾಯ್ರೇ' ಅಂತ ಬೈಯುತ್ತಿದ್ದೆವು. ರಕ್ತದಲ್ಲಿ 136 ಇರುವವರಿಗೆ 142ರ ದ್ರವ 4 ಗಂಟೆಯಲ್ಲಿ 120 ಲೀಟರ್ ಹರಿಸಿ, ಉಪ್ಪು ತುಂಬಿಸಿ ಕಳಿಸಿದ್ದು ನಾವೇ ಅಲ್ವಾ?

ಡಾಕ್ಟರ್ ಹತ್ತಿರ ಹೇಳಿದೆ. ಒಬ್ಬರಿಗೆ ಮಾತ್ರ ಮಾಡಿ ನೋಡೋಣ ಅಂದರು. ಮಲ್ಪೆಯ ಬೋಟಿನವರೊಬ್ಬರಿಗೆ ಒಂದೇ ಸಲ 137ಕ್ಕೆ ಇಳಿಸಿದೆವು. ಮೂರನೇ ಗಂಟೆಗೆ ಮೀನಖಂಡ ಕಲ್ಲಾಯಿತು, ಕಾಲ್ಬೆರಳೆಲ್ಲ ಸೆಟೆದುಕೊಂಡಿತು, ಅವರ ಹೆಂಡತಿ ಓಡಿ ಬಂದು ಪಾದ ಒತ್ತಿ ಹಿಡಿದರು. ಅರ್ಧ ಲೀಟರಿನ 2 ಬಾಟಲಿ ಸಲೈನ್ (ಉಪ್ಪು ನೀರು) ಕೊಟ್ಟೆವು, ಅಂದರೆ 9 ಗ್ರಾಂ ಉಪ್ಪು. ಕಳೆಯಲು ಹೋಗಿದ್ದನ್ನು ಹೀಗೆ ವಾಪಸ್ ಹಾಕಿದೆವು. ಅಂದಿನಿಂದ ಸೀನಿಯರ್‌ಗಳಿಗೆ ನಾನು 'ಸಪ್ಪೆ ಟೆಕ್ನಿಷಿಯನ್'.

ಮತ್ತೆ ಶುರು ಮಾಡುವಾಗ 2 ವಾರಕ್ಕೆ 1 ಮಾತ್ರ ಇಳಿಸಿದೆವು, ಒಬ್ಬೊಬ್ಬರಿಗೂ ಡಾಕ್ಟರ್ ಬರೆದುಕೊಟ್ಟ ಮೇಲೆ. ಪೊಟ್ಯಾಸಿಯಂ, ಕ್ಯಾಲ್ಸಿಯಂ ಮುಟ್ಟಲಿಲ್ಲ. ಒಟ್ಟೊಟ್ಟಿಗೆ ಎಲ್ಲ ಬದಲಾಯಿಸಿದರೆ ಯಾವುದರಿಂದ ಏನಾಯಿತು ಅಂತ ಗೊತ್ತೇ ಆಗುವುದಿಲ್ಲ. ಕೆಲವರ ತೂಕ ಇಳಿಯಿತು, ಕೆಲವರದ್ದು ಕದಲಲೇ ಇಲ್ಲ. ತಲೆ ಕೆಟ್ಟು ದ್ರವವನ್ನೇ ಲ್ಯಾಬಿಗೆ ಕೊಟ್ಟೆ. 138 ಅಂತ ಹಾಕಿದ ಮಿಷನ್‌ನಿಂದ ಬಂದದ್ದು 141! ಮಿಷನ್ ಅಳೆಯುವುದು ಕಂಡಕ್ಟಿವಿಟಿ, ಅಂದರೆ ದ್ರವದಲ್ಲಿ ಕರೆಂಟ್ ಎಷ್ಟು ಸುಲಭವಾಗಿ ಹರಿಯುತ್ತದೆ ಅನ್ನುವುದು, ಸೋಡಿಯಂ ಅದರ ಲೆಕ್ಕಾಚಾರ ಅಷ್ಟೇ ಅಂತ ನಮಗೆಲ್ಲ ಗೊತ್ತು, ಆದರೂ ಪರದೆ ಮೇಲಿನ ಅಂಕಿ ನೋಡಿದರೆ ನಂಬಿಬಿಡುತ್ತೇವೆ. 8ರಲ್ಲಿ 3 ಮಿಷನ್ ಹೀಗೇ. ಕ್ಯಾಲಿಬ್ರೇಷನ್‌ಗೆ, ಅಂದರೆ ಅಳತೆ ಸರಿ ಮಾಡಲಿಕ್ಕೆ, ಬೆಂಗಳೂರಿಂದ ಇಂಜಿನಿಯರ್ ಬಂದು ಹೋಗುವಾಗ ಸುಮಾರು 14 ಸಾವಿರ ಆಯಿತು. ಆಫೀಸಿನಲ್ಲಿ ಬೈಸಿಕೊಂಡದ್ದು ಬೇರೆ.

ಆ ಗಲಾಟೆಯಲ್ಲೇ ಇನ್ನೊಂದು ಸಿಕ್ಕಿತು. ನಮ್ಮ ಹುಡುಗ ಬಿ ಪೌಡರ್ (ದ್ರವಕ್ಕೆ ಸೇರಿಸುವ ಬೈಕಾರ್ಬನೇಟ್ ಪುಡಿ) ಹಾಕಿ ಕ್ಯಾನನ್ನು ಮಜ್ಜಿಗೆ ಕಡೆದ ಹಾಗೆ ಕಡೆಯುತ್ತಿದ್ದ. ಗ್ಯಾಸ್ ಹೊರಟು ಹೋಗಿ ಪಿಎಚ್ ಏರಿದರೆ, ಅಂದರೆ ದ್ರವದ ಕ್ಷಾರ ಜಾಸ್ತಿಯಾದರೆ, ಪೈಪಿನೊಳಗೆ ಬಿಳಿ ಕಟ್ಟುತ್ತದೆ. ನಿಧಾನ ತಿರುಗಿಸು ಅಂತ ಹೇಳಲಿಕ್ಕೇ ಒಂದು ವಾರ ಬೇಕಾಯಿತು.

ದ್ರವದ ಟೆಂಪರೇಚರ್ ಕೂಡ 37ರಿಂದ 36 ಡಿಗ್ರಿಗೆ ತಂದೆ, ಬಿಪಿ ಬೀಳುವುದು ಕಮ್ಮಿಯಾಯಿತು. ಆಸೆ ಜಾಸ್ತಿಯಾಗಿ 35.5 ಮಾಡಿದೆ, ಅದೂ ಜೂನ್ ಮಳೆಯಲ್ಲಿ, ಎಸಿ ಹಾಕಿ. ಅಜ್ಜಿಯೊಬ್ಬರು 3 ಕಂಬಳಿ ಹೊದ್ದು 'ಮಗಾ, ಐಸ್ ಪೆಟ್ಟಿಗೆಯಲ್ಲಿ ಇಟ್ಟಿದ್ದೀಯಾ' ಅಂದರು. ವಾಪಸ್ 36. ಕೆನಡಾದಲ್ಲಿ 84 ಕೇಂದ್ರಗಳಲ್ಲಿ ತಣ್ಣನೆಯ ದ್ರವ ಹಾಕಿ ನೋಡಿದ ಅಧ್ಯಯನ 2022ರಲ್ಲಿ ಬಂತು, ಸಾವು ಕಮ್ಮಿಯಾಗಲಿಲ್ಲ, ಚಳಿ ಅಂದವರು ಜಾಸ್ತಿ. ಇರಲಿ, ನಾನು ಹೇಳುತ್ತಿರುವುದು ನನ್ನ ಸಲೈನ್ ಬಾಟಲಿಯ ಲೆಕ್ಕ.

ಆ ಲೆಕ್ಕ ಹೀಗೆ. ಮೊದಲು ತಿಂಗಳಿಗೆ 60 ಬಾಟಲಿ ಹೋಗುತ್ತಿತ್ತು, 5 ತಿಂಗಳಾದ ಮೇಲೆ 20-25. ಬಾಟಲಿಗೆ 40 ರೂಪಾಯಿ ಹಿಡಿದರೂ ಇಂಜಿನಿಯರ್ ದುಡ್ಡು ಇನ್ನೂ ಹುಟ್ಟಿಲ್ಲ. ಆದರೆ ಮೂರನೇ ಶಿಫ್ಟ್ ಈಗ ಹೊತ್ತಿಗೆ ಮುಗಿಯುತ್ತದೆ, ನನಗೆ ಕೊನೆಯ ಬಸ್ಸು ಸಿಗುತ್ತದೆ. ತೂಕ 4 ಏರುತ್ತಿದ್ದವರು ಈಗ ಎರಡೂವರೆ, ಮೂರು. ಎಲ್ಲರೂ 138 ಅಲ್ಲ, ಬಿಪಿ ಕಮ್ಮಿ ಇರುವ ನಾಲ್ಕೈದು ಜನ 140ರಲ್ಲೇ ಇದ್ದಾರೆ. ಗಂಜಿಗೆ ಉಪ್ಪಿನಕಾಯಿ, ಒಣಮೀನು ಬಿಡದವರಿಗೆ ಮಿಷನ್ ಏನೂ ಮಾಡಲಾರದು. ಅವರಿಗೆ ನಾನೊಂದು ಉಪಾಯ ಮಾಡಿದ್ದೇನೆ, ಅದನ್ನು ಮಾತ್ರ ಬರೆಯುವುದಿಲ್ಲ, ಯೂನಿಟ್‌ಗೆ ಬಂದರೆ ತೋರಿಸುತ್ತೇನೆ.

ಮಲ್ಪೆಯವರು ಒಪ್ಪಿದ್ದು ಎಲ್ಲರಿಗಿಂತ ಕೊನೆಗೆ. ಮೊನ್ನೆ ಶನಿವಾರ ತೂಕ 2.2 ಮಾತ್ರ ಏರಿತ್ತು. 'ತಕ್ಕಡಿ ಹಾಳಾಗಿದೆ' ಅಂದರು. ಎರಡು ಸಲ ಹತ್ತಿಸಿದೆ, ನಂಬಲಿಲ್ಲ. ಕೊನೆಗೆ ನಾನೇ ಹತ್ತಿ ನಿಂತೆ. ನನ್ನದು ಎಂದಿನ 81.